ಉದ್ದಕ್ಕೂ ಬಿದ್ದ ಗೆರೆ

ನನ್ನ ಪ್ರೋಗ್ರಾಂ ತಪ್ಪು ಹೇಳುವುದಿಲ್ಲ ಅಂತ ಆಫೀಸಿನ ತುಂಬ ಡಂಗುರ ಹೊಡೆದವಳು ನಾನೇ. ಎರಡು ಸಾವಿರದ ಮೂರನೇ ಇಸವಿ. ನೆಲದೊಳಕ್ಕೆ ರೇಡಾರ್ ಅಲೆ ಬಿಟ್ಟು, ಹೂತಿರುವ ಪೈಪು, ಕೇಬಲ್ಲುಗಳನ್ನು ಅಗೆಯದೆಯೇ ತೋರಿಸುವ ತಳ್ಳುಗಾಡಿ ನಮ್ಮ ಚೆನ್ನೈ ಆಫೀಸಿಗೆ ಹೊಸದಾಗಿ ಬಂದಿತ್ತು. ಪೈಪನ್ನು ಗಾಡಿ ಅಡ್ಡ ದಾಟಿದರೆ ಪರದೆಯ ಮೇಲೆ ಕಮಾನು ಮೂಡುತ್ತದೆ. ಆ ಕಮಾನನ್ನು ತಾನಾಗಿಯೇ ಹುಡುಕಿ ಕೆಂಪು ಗುರುತು ಹಾಕುವ ಪ್ರೋಗ್ರಾಂ ಈ ಜಲಜಾ ಎರಡು ವರ್ಷ ಕೂತು ಬರೆದದ್ದು. ಜಂಬ ಇಲ್ಲದೆ ಇರುತ್ತದೆಯೇ?

ಆ ಭಾನುವಾರ ಬೆಳಿಗ್ಗೆ ಸೌಕಾರ್‌ಪೇಟೆಯ ಒಂದು ಓಣಿಯಲ್ಲಿ ಚರಂಡಿ ಪೈಪಿಗೆ ಅಗೆಯಬೇಕಿತ್ತು. ಎದುರುಬದುರು ಮನೆಯವರು ನಿಂತಲ್ಲೇ ಕೈಚಾಚಿ ಸಕ್ಕರೆ ಸಾಲ ಕೊಡಬಹುದಾದಷ್ಟು ಇಕ್ಕಟ್ಟು. ಗಾಡಿಯನ್ನು ಉದ್ದಕ್ಕೆ ಮಾತ್ರ ತಳ್ಳಲು ಸಾಧ್ಯ. ತಳ್ಳಿದೆ. ಒಂದೂ ಕೆಂಪು ಗುರುತು ಬೀಳಲಿಲ್ಲ. ಕರೆಂಟಿನವರು ಕೊಟ್ಟ ನಕ್ಷೆಯಲ್ಲೂ ಏನೂ ಇರಲಿಲ್ಲ.

"ಏನೂ ಇಲ್ಲ, ಅಗೀರಿ," ಅಂದೆ.

ಮೇಸ್ತ್ರಿ ಅಂದಾನಿ ಚಾಮರಾಜನಗರದ ಕಡೆಯವರು. ಮೊದಲ ಏಟು ಅವರು ಯಾವತ್ತೂ ಆಳುಗಳ ಕೈಲಿ ಹಾಕಿಸುವುದಿಲ್ಲ. ಒಳಗೆ ಕರೆಂಟಿದ್ದರೆ ಹೊಡೆತ ತನಗೇ ಬೀಳಲಿ ಅಂತ.

"ಅಮ್ಮಾ, ನೀವು ತಳ್ಳುವಾಗ ಆ ಟೀವಿ ಮೇಲೆ ಉದ್ದಕ್ಕೂ ಒಂದು ಗೆರೆ ಓಯ್ತಿತ್ತಲ್ಲ, ಅದೇನು?"

"ಮಣ್ಣಿನ ಪದರ, ಅಂದಾನಿಯವರೇ. ಎಲ್ಲಾ ಕಡೆ ಇರುತ್ತೆ. ಕಮಾನು ಹುಡುಕೋಕೆ ಮೊದಲು ಪ್ರೋಗ್ರಾಂ ಅದನ್ನ ಅಳಿಸಿಬಿಡುತ್ತೆ." ಸಿಡುಕಿಯೇ ಹೇಳಿದೆ, ಸುಳ್ಳೇಕೆ.

"ಈ ಓಣೀನ ವರ್ಸ ವರ್ಸ ಯಾರಾದ್ರೂ ಅಗೀತಾನೇ ಅವ್ರೆ ಕಣಮ್ಮ. ಸರಿ ಬುಡಿ, ನಿಮಗೆ ಗೊತ್ತಿರ್ತದೆ." ಚಪ್ಪಲಿ ಬಿಟ್ಟು ಹಾರೆ ಎತ್ತಿಕೊಂಡರು.

ನಾನು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ವರ್ಷ ವರ್ಷ ಮಗುಚಿ ಹಾಕಿದ ಮಣ್ಣಿನಲ್ಲಿ ಅಷ್ಟು ನೆಟ್ಟಗಿನ ಪದರ ಎಲ್ಲಿಂದ ಬರಬೇಕು? ಅಡ್ಡ ದಾಟಿದರೆ ಕಮಾನು, ಸರಿ. ಪೈಪಿನ ಮೇಲೇ ಉದ್ದಕ್ಕೆ ಹೋದರೆ? ಬರೀ ಗೆರೆ. ಮಣ್ಣು ಅಂದುಕೊಂಡು ನಾನೇ ಅಳಿಸಿದ ಗೆರೆ. ಅಯ್ಯೋ ದೇವರೇ!

"ನಿಲ್ಸಿ! ಹೊಡೀಬೇಡಿ!"

ಎತ್ತಿದ ಹಾರೆ ಹಾಗೇ ನಿಂತಿತು.

ಆಮೇಲೆ ಪಕ್ಕದಿಂದ ಮೆಲ್ಲಗೆ ಮಣ್ಣು ಕೆರೆದರು. ಎರಡಡಿ ಕೆಳಗೆ ಇಟ್ಟಿಗೆ ಸಾಲು, ಅದರಡಿ ಮುಂಗೈ ದಪ್ಪದ ಕರೀ ಕೇಬಲ್ಲು. ಕರೆಂಟಿನವರು ಬಂದು ನೋಡಿ, ಲೈನ್ ಚಾಲೂ ಇದೆ ಅಂದರು.

ಅಂದಾನಿಯವರೇ ಟೀ ತಂದುಕೊಟ್ಟರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಅನುಮಾನ ಬಂದಿತ್ತಲ್ಲ ನಿಮಗೆ? ಮತ್ಯಾಕೆ ಎತ್ತಿದ್ರಿ ಹಾರೇನ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಇಲ್ಲ ಅಂದ್ರಲ್ಲಮ್ಮ ನೀವು," ಅಂದರು.