ಹತ್ತರವರೆಗೆ ಎಣಿಕೆ

"ಐದರಲ್ಲಿ ಒಂದು ಸರಿ," ಎಂದು ತರಬೇತಿಯ ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಶುಭ್ರವಾಗಿಯೇ ಇತ್ತು.

ಹದಿನಾರು ವಾರದ ಸಂಖ್ಯಾಶಾಸ್ತ್ರವನ್ನು ಐದೇ ವಾರದಲ್ಲಿ ಮುಗಿಸುವುದೆಂದು ಕಾಲೇಜು ತೀರ್ಮಾನಿಸಿತ್ತು. ಕೆಲಸದಲ್ಲಿರುವವರಿಗೆಂದೇ ಮಾಡಿದ ಕೋರ್ಸು ಅದು. ಅವರು ಪಾಠವನ್ನು ಮನೆಯಲ್ಲಿ ವಿಡಿಯೋದಲ್ಲಿ ನೋಡಿಕೊಂಡು ಬರಬೇಕು, ತರಗತಿಯಲ್ಲಿ ಕೂತು ಲೆಕ್ಕ ಮಾಡಬೇಕು. ಹಾಗೆ ಕಲಿಸುವುದಕ್ಕೆ ಅಧ್ಯಾಪಕರಿಗೆ ಎರಡು ವಾರದ ತರಬೇತಿ, ಕೊನೆಯಲ್ಲೊಂದು ಪರೀಕ್ಷೆ. ವಿಷಯ ಬಾರದ ಯಾರಾದರೊಬ್ಬರು ಅಧ್ಯಾಪಕರ ವಿಡಿಯೋ ನೋಡಿ ಐದು ಪ್ರಶ್ನೆಗೆ ಉತ್ತರ ಬರೆಯಬೇಕು. ಮೂರು ಸರಿಯಾದರೆ ಕೋರ್ಸು ಮೇಷ್ಟ್ರದು. ಇಲ್ಲವಾದರೆ ಹೊರಗಿನಿಂದ ಸಿದ್ಧ ವಿಡಿಯೋ ತರಿಸುತ್ತಾರೆ, ಮೇಷ್ಟ್ರು ಹಾಜರಿ ಕೂಗಿಕೊಂಡು ಕೂರಬೇಕು. ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವರಿಗೆ ಅದು ನುಂಗಲಾರದ ತುತ್ತು.

ಅವರ ಪಾಲಿಗೆ ಬಂದಿದ್ದು ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕ ಕೊಡುವ ಹೆಂಗಸು. ತನ್ನದೇ ತಪ್ಪಿರಬೇಕು, ತನಗೆ ಮೊದಲಿಂದಲೂ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಆಕೆ ಎರಡೆರಡು ಸಲ ಹೇಳಿ ಹೋಗಿದ್ದಳು. ಅದನ್ನು ಕೇಳಿ ಮೇಷ್ಟ್ರಿಗೆ ಇನ್ನಷ್ಟು ನಾಚಿಕೆಯಾಗಿತ್ತು. ಇನ್ನು ಉಳಿದಿದ್ದು ಒಂದೇ ಅವಕಾಶ. ಮರುದಿನ ಅದೇ ಹೆಂಗಸಿಗೆ ಎರಡನೆಯ ಪಾಠ ತೋರಿಸಬೇಕಿತ್ತು.

ಮೇಡಂ ವಯಸ್ಸಿನಲ್ಲಿ ಮೇಷ್ಟ್ರ ಮಗಳಿಗಿಂತ ಚಿಕ್ಕವರು. ಮೊದಲ ದಿನ ಮೇಷ್ಟ್ರು ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದು ಒಳಗೆ ಹೋಗಲಾರದೆ ಕೂತಿದ್ದಾಗಲೂ ಅವರು ಮುಖ ಗಂಟಿಕ್ಕಿರಲಿಲ್ಲ. ಈಗಲೂ ಸಮಾಧಾನದ ಮಾತೇನನ್ನೂ ಆಡದೆ, ಕತ್ತರಿಸುವ ಮೊದಲಿನ ಮೂಲ ವಿಡಿಯೋ ಇದೆಯೇ ಎಂದು ಕೇಳಿದರು. ಇತ್ತು. ಅದು ಇಪ್ಪತ್ತೊಂದು ನಿಮಿಷದ್ದು, ಗ್ರಂಥಾಲಯದ ಹೆಂಗಸಿಗೆ ತೋರಿಸಿದ್ದು ಹದಿನಾಲ್ಕು ನಿಮಿಷದ್ದು.

ಇಬ್ಬರೂ ಕೂತು ನೋಡಿದರು. ಪರದೆಯ ಮೇಲಿನ ಮೇಷ್ಟ್ರು ಒಂದು ಪ್ರಶ್ನೆ ಕೇಳಿ ಸುಮ್ಮನಾದರು. ಸುಮ್ಮನೇ ಇದ್ದರು.

"ಇಲ್ಲೇನಾಯ್ತು ಸರ್? ನೆಟ್ ಹೋಯ್ತಾ?"

"ಇಲ್ಲಮ್ಮ. ಹತ್ತು ಎಣಿಸ್ತಿದ್ದೆ."

ಅದು ಅವರ ಹಳೆಯ ಪದ್ಧತಿ. ಪ್ರಶ್ನೆ ಕೇಳಿದ ಮೇಲೆ ಸೀಮೆಸುಣ್ಣದ ತುಂಡನ್ನು ಬೆರಳುಗಳ ನಡುವೆ ಹತ್ತು ಸುತ್ತು ತಿರುಗಿಸುವುದು, ಆಮೇಲಷ್ಟೇ ಮುಂದಿನ ಮಾತು. ಹುಡುಗರು ಅವರಿಗೆ ‘ನಿಲ್ದಾಣ’ ಎಂದು ಹೆಸರಿಟ್ಟಿದ್ದರು, ಅದು ಅವರ ಕಿವಿಗೂ ಬಿದ್ದಿತ್ತು. ಚಿಕ್ಕಂದಿನಲ್ಲಿ ಅವರಿಗೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದು ತಡವಾಗುತ್ತಿತ್ತು, ಅಷ್ಟರಲ್ಲಿ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿಬಿಡುತ್ತಿತ್ತು. ತಾನು ಕಲಿಸುವಾಗ ಹಾಗಾಗಬಾರದೆಂದು ಹಿಡಿದುಕೊಂಡ ಲೆಕ್ಕ ಈ ಹತ್ತು. ಮನೆಯಲ್ಲಿ ರೆಕಾರ್ಡು ಮಾಡುವಾಗ ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಡತಿ, ಇವರು ತನ್ನನ್ನೇ ಕೇಳುತ್ತಿದ್ದಾರೇನೋ ಎಂದು ಉತ್ತರ ಹೇಳಲು ಬಾಯಿ ತೆರೆದಿದ್ದರಂತೆ.

"ಮತ್ತೆ ಇದೆಲ್ಲ ಎಲ್ಲಿ ಹೋಯ್ತು?" ಎಂದರು ಮೇಡಂ.

ಮೌನ ತೆಗೆಯುವ ಗುಂಡಿಯೊಂದಿದೆ ಎಂದು ತರಬೇತಿಯಲ್ಲಿ ಹೇಳಿದ್ದರಿಂದ, ಐದು ವಾರದ ಕೋರ್ಸಿನಲ್ಲಿ ಸುಮ್ಮನೆ ಕೂರುವ ಹೊತ್ತು ಯಾಕೆ ಎಂದು ತಾವೇ ಅದನ್ನು ಒತ್ತಿದ್ದಾಗಿ ಮೇಷ್ಟ್ರು ಒಪ್ಪಿಕೊಂಡರು. ಯಂತ್ರ ಚಾಚೂ ತಪ್ಪದೆ ಎಲ್ಲ ಮೌನವನ್ನೂ ಗುಡಿಸಿ ಹಾಕಿತ್ತು. ವಿಡಿಯೋದಲ್ಲಿ ಕೊನೆಗೆ ಉಳಿದದ್ದು, ಪ್ರಶ್ನೆ ಕೇಳಿ ಉಸಿರೂ ಬಿಡದೆ ತಾವೇ ಉತ್ತರ ಹೇಳಿಕೊಂಡು ಹೋಗುವ ಒಬ್ಬ ಮನುಷ್ಯ. ಆ ಮನುಷ್ಯನನ್ನು ನೋಡಿ ಮೇಷ್ಟ್ರಿಗೇ ಕಸಿವಿಸಿಯಾಯಿತು.

ಮೇಡಂ ನಗಲಿಲ್ಲ. ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ವಿಡಿಯೋವನ್ನು ಪ್ರಶ್ನೆಯ ಹತ್ತಿರ ನಿಲ್ಲಿಸುವುದು ಹೇಗೆಂದು ತೋರಿಸಿದರು. ಎಲ್ಲಿಯೂ ಮೌಸಿಗೆ ತಾವು ಕೈ ಹಾಕಲಿಲ್ಲ. ಎರಡನೆಯ ಪಾಠದಲ್ಲಿ ಮೇಷ್ಟ್ರೇ ಒಂಬತ್ತು ಕಡೆ ನಿಲುಗಡೆ ಇಟ್ಟರು. ಒಂದೊಂದಕ್ಕೂ ಹತ್ತು ಸೆಕೆಂಡು ಇಡಲೇ ಎಂದು ಕೇಳಿದರು.

"ಇದಕ್ಕೆ ಹತ್ತು ಗಿತ್ತು ಬೇಡ ಸರ್. ಅವರು ಉತ್ತರ ಬರೆದು ಒತ್ತೋವರೆಗೂ ನಿಂತಿರುತ್ತೆ."

ಡಬ್ಬಿಯಲ್ಲಿನ ಊಟ ಆರಿಹೋಗಿತ್ತು. ಈ ಹುಡುಗಿಯ ಋಣ ದೊಡ್ಡದು ಎಂದುಕೊಂಡರು ಮೇಷ್ಟ್ರು. ಅದನ್ನು ಬಾಯಿ ಬಿಟ್ಟು ಹೇಳಿಯೂ ಬಿಟ್ಟರು. ಮೇಡಂ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆದರು.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಹೆಂಗಸು ಕಂಪ್ಯೂಟರಿನ ಮುಂದೆ ಕೂತಳು. ಮೇಷ್ಟ್ರು ಗಾಜಿನ ಬಾಗಿಲಿನ ಹೊರಗೆ ನಿಂತರು. ವಿಡಿಯೋದಲ್ಲಿ ಅವರದೇ ದನಿ ಲೆಕ್ಕ ಹೇಳತೊಡಗಿತು: ಒಂದು ಕೌಂಟರಿನಲ್ಲಿ ಐದು ಜನ ಕಾದಿದ್ದಾರೆ. ಎರಡು ನಿಮಿಷ, ಮೂರು, ಮೂರು, ನಾಲ್ಕು, ಕೊನೆಯವನು ಇಪ್ಪತ್ತೆಂಟು. ಸರಾಸರಿ ಎಂಟು ನಿಮಿಷ. ಹಾಗಾದರೆ ಈ ಐವರಲ್ಲಿ ಎಂಟು ನಿಮಿಷ ಕಾದವರು ಯಾರು? ವಿಡಿಯೋ ನಿಂತಿತು.

ಮೇಷ್ಟ್ರ ಜೇಬಿನೊಳಗೆ ಸೀಮೆಸುಣ್ಣ ತಿರುಗತೊಡಗಿತು. ಹತ್ತಾಯಿತು. ಆಕೆ ಸೂರು ನೋಡುತ್ತಿದ್ದಳು. ಉತ್ತರ ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತ್ತು, ತರಗತಿಯಾಗಿದ್ದರೆ ಹೇಳಿಯೇ ಬಿಡುತ್ತಿದ್ದರು. ಹನ್ನೆರಡು, ಹದಿನಾಲ್ಕು. ಹದಿನೇಳನೆಯ ಸುತ್ತಿಗೆ ಆಕೆಯ ಮುಖ ಅರಳಿತು. ‘ಯಾರೂ ಇಲ್ಲ’ ಎಂದು ಬರೆದು ಒತ್ತಿದಳು.

ಕೊನೆಗೆ ಐದರಲ್ಲಿ ನಾಲ್ಕು ಸರಿ ಬಂತು. ಮೇಡಂ ಹಾಳೆಯ ಮೇಲೆ ಸಹಿ ಹಾಕಿ, ಸೋಮವಾರದಿಂದ ಕೋರ್ಸು ನಿಮ್ಮದು ಸರ್ ಎಂದು ಹೇಳಿ ಪ್ರಾಂಶುಪಾಲರ ಕೋಣೆಗೆ ಹೋದರು. ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಗ್ರಂಥಾಲಯದ ಹೆಂಗಸು ಚೀಲ ಹೆಗಲಿಗೇರಿಸಿ ಹೊರಗೆ ಬಂದಳು.

"ನಾನು ನಿಮ್ಮ ಕ್ಲಾಸಲ್ಲೇ ಇದ್ದೆ ಸರ್, ಹದಿಮೂರು ವರ್ಷದ ಹಿಂದೆ. ಫೇಲಾದೆ. ನಿಮಗೆ ನೆನಪಿರಲ್ಲ ಬಿಡಿ."

ನೆನಪಿರಲಿಲ್ಲ.

"ನಂಗೆ ಹತ್ತು ಸಾಲ್ತಿರ್ಲಿಲ್ಲ. ಇನ್ನೇನು ಬಂತು ಅನ್ನೋಷ್ಟರಲ್ಲಿ ನೀವು ಹೇಳ್ಬಿಡೋರು. ಆದ್ರೆ ಅಷ್ಟಾದ್ರೂ ಕಾಯ್ತಿದ್ದಿದ್ದು ನೀವೊಬ್ರೇ ಸರ್. ಅದಕ್ಕೇ ನಿಮ್ಮ ವಿಡಿಯೋ ನೋಡೋಕೆ ಯಾರು ಬರ್ತೀರಾ ಅಂದಾಗ ನಾನೇ ಕೈ ಎತ್ತಿದೆ."

ಮೇಷ್ಟ್ರು ಏನೋ ಹೇಳಲು ಹೊರಟರು. ಹೇಳಬೇಕಾದದ್ದು ಬೇಕಾದಷ್ಟಿತ್ತು, ಒಂದೂ ಬಾಯಿಗೆ ಬರಲಿಲ್ಲ. ಗೋಡೆ ಗಡಿಯಾರದಲ್ಲಿ ಗ್ರಂಥಾಲಯ ತೆರೆಯುವ ಹೊತ್ತು ದಾಟಿತ್ತು. ಆಕೆ ಚೀಲವನ್ನು ಕೆಳಗಿಟ್ಟು, ಮೇಷ್ಟ್ರ ಮುಖ ನೋಡುತ್ತ, ಯಾವ ಅವಸರವೂ ಇಲ್ಲದೆ ನಿಂತಳು.