ಹಿಡಿದುಕೊಂಡವನು

"ಸರಿಯಾಗಿ ಹಿಡ್ಕಳಾ ಬೋಳಿಮಗನೆ. ಇಲ್ಲಾಂದ್ರೆ ನಿಂಗೂ ಬೀಳ್ತದೆ."

ಸುಂದರ ಸರಿಯಾಗಿ ಹಿಡಿದುಕೊಂಡ. ಆನಂದನ ಎರಡೂ ತೋಳುಗಳನ್ನು ಹಿಂದಿನಿಂದ ಬಿಗಿದು ಎದೆಗೆ ಒತ್ತಿಕೊಂಡಿದ್ದ. ತೋಟದ ಒಡೆಯ ಧರ್ಮೇಶ ಕಾಫಿ ಗಿಡದ ದೊಣ್ಣೆಯಿಂದ ಹೊಡೆಯುತ್ತಿದ್ದ. ಕಣದಲ್ಲಿ ಒಣಗಿಸಿದ್ದ ಕಾಳುಮೆಣಸಿನಲ್ಲಿ ಒಂದು ಚೀಲ ಕಾಣೆಯಾಗಿತ್ತು. ಹಿಂದಿನ ದಿನ ಕಣ ಕಾದವನು ಆನಂದ. ಅದಕ್ಕಿಂತ ಹೆಚ್ಚಿನ ವಿಚಾರಣೆ ಆಗಲಿಲ್ಲ.

ಪ್ರತಿ ಏಟೂ ಆನಂದನ ಮೈ ದಾಟಿ ಸುಂದರನ ಎದೆಗೆ ಬರುತ್ತಿತ್ತು. ಉಳಿದ ಆಳುಗಳು ಬುಟ್ಟಿ ಹಿಡಿದುಕೊಂಡೇ ನಿಂತಿದ್ದರು. ಆನಂದ ಒಡೆಯನನ್ನು ಏನೂ ಬೇಡಲಿಲ್ಲ. ಕತ್ತು ತಿರುಗಿಸಿ ಸುಂದರನಿಗಷ್ಟೇ ಹೇಳಿದ.

"ಬಿಡಾ ಮಾರಾಯ."

ಸುಂದರ ಬಿಡಲಿಲ್ಲ. ಮುಂದಿನ ಏಟು ಕಿವಿಯ ಹಿಂದೆ ಬಿತ್ತು. ತೋಳಿನಲ್ಲಿದ್ದ ಮೈ ಇದ್ದಕ್ಕಿದ್ದಂತೆ ಭಾರವಾಯಿತು. ಜೀಪು ಕೊಪ್ಪದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಮಧ್ಯಾಹ್ನ ಸುಂದರ ಉಂಡ. ಹೆಂಡತಿ ಬಡಿಸಿದ್ದನ್ನೆಲ್ಲ ತಿಂದ. ತೋಟದ ಆಳುಗಳ ಲೈನಿನ ಮನೆಗಳವರು ಒಬ್ಬೊಬ್ಬರಾಗಿ ಬಂದು, ಕೂಲಿಯವನು ನೀನು, ಏನು ಮಾಡೋಕಾಗ್ತಿತ್ತು, ನಿನ್ನದೇನೂ ತಪ್ಪಿಲ್ಲ ಎಂದು ಹೇಳಿಹೋದರು. ಅವನು ತಲೆಯಾಡಿಸಿದ.

ಸಂಜೆ ಬಂದ ಧರ್ಮೇಶ ಮಾತ್ರ ತಪ್ಪು ಪೂರ್ತಿ ಅವನದೇ ಎಂದ. ಕೂಗಾಡಲಿಲ್ಲ, ಮೆತ್ತಗೇ ಹೇಳಿದ. ಇಬ್ಬರೂ ಕುಡಿದಿದ್ದಿರಿ, ಜಗಳವಾಯಿತು, ನೀನು ಹೊಡೆದೆ; ಠಾಣೆಯಲ್ಲಿ ಹೀಗೇ ಒಪ್ಪಿಕೋ. ವಕೀಲರಿಗೆ ಹೇಳಿಯಾಗಿದೆ, ನಾಲ್ಕೈದು ತಿಂಗಳಲ್ಲಿ ಹೊರಗೆ ಬರುತ್ತೀಯ. ಅಲ್ಲಿಯವರೆಗೆ ಹೆಂಡತಿ, ಮಗಳು ಈ ಮನೆಯಲ್ಲೇ ಇರಲಿ. ಒಪ್ಪದಿದ್ದರೆ ಏನೆಂದು ಅವನು ಹೇಳಲಿಲ್ಲ. ಮಾಡಿನ ಹೆಂಚಿನ ಕಡೆಗೊಮ್ಮೆ ನೋಡಿದ.

"ನೀನೂ ಕೈ ಹಾಕಿದ್ಯಲ್ಲ. ಸುಳ್ಳೇನಲ್ಲ."

ಒಡೆಯನ ಜೀಪು ಹೋದ ಮೇಲೆ ಸುಂದರ ಎರಡು ಬಾಗಿಲಾಚೆ ಇದ್ದ ಆನಂದನ ಮನೆಗೆ ಹೋದ. ಹೆಣ ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ಸರೋಜ ಟ್ರಂಕಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಹಾಕಿಕೊಂಡು ಏನೋ ಹುಡುಕುತ್ತಿದ್ದಳು. ಗಂಡನ ಆಧಾರ್ ಕಾರ್ಡ್ ತರಬೇಕೆಂದು ಠಾಣೆಯವರು ಹೇಳಿದ್ದರಂತೆ. ಸುಂದರನೂ ಕೂತು ಹುಡುಕಿದ. ಒಂದು ಅಂಗಿಯ ಜೇಬಿನಲ್ಲಿ ಕಾರ್ಡು ಸಿಕ್ಕಿತು.

"ಕಡೇಗೆ ನಮ್ಮವ್ರು ಎಂತ ಅಂದ್ರು?" ಸರೋಜ ಕೇಳಿದಳು.

"ಬಿಡು ಅಂದ. ನಾ ಬಿಡ್ಲಿಲ್ಲ."

ಅವಳು ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು.

"ಬಿಟ್ಟಿದ್ರೆ ಓಡ್ತಿದ್ರು ಸುಂದ್ರಣ್ಣ," ಎಂದಳು. "ಇದನ್ನ ನೀನೇ ತಗಂಡ್ಹೋಗಿ ಕೊಡು. ನಿಂಗೆ ಎಷ್ಟು ಗೊತ್ತೋ ಅಷ್ಟೂ ಹೇಳಿ ಬಾ."

ಬೆಳಿಗ್ಗೆ ಅವನು ಕಾರ್ಡು ಹಿಡಿದು ಠಾಣೆಗೆ ಹೋದಾಗ ಹೇಳಿಕೆ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ಎಸ್‌ಐ ಪೆನ್ನು ಮುಂದೆ ತಳ್ಳಿದ. ಸುಂದರ ಓದಲು ಶುರುಮಾಡಿದ.

"ಎಂತ ಓದ್ತೀಯ ಸೂಳೆಮಗನೆ? ಸೈನ್ ಹಾಕು."

ಏಳನೇ ಕ್ಲಾಸಿನವರೆಗೆ ಓದಿದ್ದ ಸುಂದರ ಒಂದೊಂದೇ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ. 'ಹೊಡೆದೆನು' ಎಂಬಲ್ಲಿ ಗೀಟು ಎಳೆದು, ಮೇಲೆ 'ಹಿಡಿದುಕೊಂಡೆನು' ಎಂದು ಬರೆದ. ಕೆಳಗೆ ದಪ್ಪ ಅಕ್ಷರದಲ್ಲಿ 'ಹೊಡೆದದ್ದು ಧರ್ಮೇಶ' ಎಂದು ಬರೆದು ಸಹಿ ಹಾಕಿದ.

ಕೆನ್ನೆಗೆ ಏಟು ಬಿತ್ತು. ಎಸ್‌ಐ ಹಾಳೆ ಹರಿದು, ಇನ್ನೊಂದು ತೆಗೆಯಲು ಕಾನ್‌ಸ್ಟೇಬಲ್‌ಗೆ ಹೇಳಿದ.

"ಎಷ್ಟು ಬೇಕಾದ್ರೂ ತೆಗೀರಿ ಸಾರ್," ಎಂದ ಸುಂದರ. "ನಂದು ಎಷ್ಟೋ ಅಷ್ಟಕ್ಕೆ ಸೈನ್ ಹಾಕ್ತೀನಿ."

ಪ್ರಿಂಟರ್ ಕಿರುಗುಟ್ಟಿತು. ಹೊಸ ಹಾಳೆ ಬಂತು. ಅವನು ಅದನ್ನೂ ಮೊದಲ ಸಾಲಿನಿಂದ ಓದತೊಡಗಿದ.