ಕೊನೇ ಸಲ ತೊಳೆದ ನೀರು

ಓರಗಿತ್ತಿಯನ್ನು ಒಂದೇ ಅಡುಗೆಮನೆಯಲ್ಲಿ ಹೇಗೋ ಸಹಿಸಿಕೊಳ್ಳಬಹುದು. ಅವಳು ಲ್ಯಾಬಿಗೂ ಬಂದು ಪಕ್ಕದಲ್ಲೇ ಕೂತರೆ? ಜೇನುತುಪ್ಪ ಪರೀಕ್ಷಿಸುವ ಆ ಲ್ಯಾಬಿನಲ್ಲಿ ದೊಡ್ಡ ಸೊಸೆ ಹತ್ತೊಂಬತ್ತು ವರ್ಷದಿಂದ ದೊಡ್ಡ ಯಂತ್ರ ನಡೆಸುತ್ತಿದ್ದಳು. ಜೇನುಹುಳುಗಳಿಗೆ ರೋಗ ಬಂದಾಗ ಕೊಟ್ಟ ಆಂಟಿಬಯಾಟಿಕ್ ತುಪ್ಪದಲ್ಲಿ ಉಳಿದಿದೆಯೇ ಎಂದು ಹೇಳಲು ಆ ಯಂತ್ರಕ್ಕೆ ಅರ್ಧ ದಿನ ಬೇಕು. ಅಲ್ಲಿಯವರೆಗೆ ಮ್ಯಾನೇಜರೂ ಅವಳ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಅದೇನು ಕಡಿಮೆ ಗತ್ತೇ!

ಎರಡು ವರ್ಷದ ಹಿಂದೆ ಮೈದುನನ ಹೆಂಡತಿ ಅಲ್ಲಿಗೇ ಸೇರಿ, ಹೊಳೆಯುವ ಪುಡಿಯೊಂದನ್ನು ಮಾಡತೊಡಗಿದಳು. ಆ ಆಂಟಿಬಯಾಟಿಕ್ ಔಷಧಿಯನ್ನೇ ಬೆರೆಸಿ ಪ್ಲಾಸ್ಟಿಕ್ಕಿನಂಥ ಪುಡಿಯನ್ನು ಗಟ್ಟಿಯಾಗಿಸುವುದು, ಆಮೇಲೆ ಔಷಧಿಯನ್ನು ತೊಳೆದು ತೆಗೆಯುವುದು. ಕಣಕಣದಲ್ಲೂ ಆ ಔಷಧಿಗಷ್ಟೇ ಹೊಂದುವ ಗುಳಿ ಉಳಿಯುತ್ತದೆ. ನೇರಳೆ ದೀಪದ ಕೆಳಗೆ ಪುಡಿ ನೀಲಿಯಾಗಿ ಹೊಳೆಯುತ್ತದೆ. ಜೇನಿನಲ್ಲಿ ಔಷಧಿಯಿದ್ದರೆ ಅದು ಗುಳಿಗೆ ಹೋಗಿ ಕೂತು ಹೊಳಪು ಮಂಕಾಗುತ್ತದೆ. ಹತ್ತೇ ನಿಮಿಷ. ಅತ್ತೆಯದಂತೂ ನೆಂಟರ ಮುಂದೆಲ್ಲ ಚಿಕ್ಕ ಸೊಸೆಯ ಗುಣಗಾನ. ದೊಡ್ಡವಳಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ? ಉರಿಯಿತು. ಊಟ ಸೇರದಷ್ಟು ಉರಿಯಿತು.

ಪುಡಿಯನ್ನು ಹೊರಗಿನ ಅಧಿಕಾರಿಗಳಿಗೆ ತೋರಿಸುವ ಹಿಂದಿನ ದಿನ, ಅದನ್ನು ಕೊನೇ ಸಲ ತೊಳೆದ ನೀರು ಪರೀಕ್ಷೆಗೆಂದು ದೊಡ್ಡವಳ ಯಂತ್ರಕ್ಕೆ ಬಂತು. ಅದರಲ್ಲಿ ಔಷಧಿ ಇರಬಾರದು. ಇತ್ತು. ಅಂದರೆ ಗುಳಿಗಳು ಪೂರ್ತಿ ಖಾಲಿಯಾಗಿಲ್ಲ. ನಾಳೆ ಪುಡಿ ಮೊದಲೇ ಮಂಕಾಗಿರುತ್ತದೆ, ಶುದ್ಧ ಜೇನನ್ನೂ ಕೆಟ್ಟದ್ದೆಂದು ತೋರಿಸುತ್ತದೆ, ಎಲ್ಲರೆದುರು ಚಿಕ್ಕವಳ ಮುಖಕ್ಕೆ ಮಸಿ. ದೊಡ್ಡವಳ ಮನಸ್ಸು ಕುಣಿಯಿತು.

ಸಂಜೆ ಹೊರಡುವಾಗ ಬಾಗಿಲ ಬಳಿ ಚಿಕ್ಕವಳು ಕೇಳಿದಳು: “ಅಕ್ಕಾ, ನೀರು ಸರಿಯಿತ್ತಾ?”

“ಹ್ಞೂಂ, ಸರಿಯಾಗಿದೆ,” ಎಂದಳು ದೊಡ್ಡವಳು, ಚಪ್ಪಲಿ ಹುಡುಕುವ ನೆಪದಲ್ಲಿ ತಲೆಯೆತ್ತದೆ.

ಮರುದಿನ ತಮಾಷೆ ನೋಡಲು ಒಳ್ಳೆಯ ಬಟ್ಟೆಯುಟ್ಟೇ ಬಂದು ಹಿಂದೆ ನಿಂತಳು ಮಹಾತಾಯಿ. ದೀಪ ಹೊತ್ತಿತು. ಶುದ್ಧ ಜೇನಿನ ನಳಿಕೆ ನೀಲಿಯಾಗಿ ಹೊಳೆಯಿತು, ಔಷಧಿ ಬೆರೆಸಿದ್ದು ಮಂಕಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವಳಿಗೆ ತಲೆಬುಡ ತಿಳಿಯಲಿಲ್ಲ. ಆಗ ಚಿಕ್ಕವಳು ಇವಳತ್ತ ಕೈ ತೋರಿಸಿ, ಬೆಳಿಗ್ಗೆ ಬೇಗ ಬಂದು ಅಕ್ಕನ ರಿಜಿಸ್ಟರ್ ನೋಡಿದೆ, ನೀರಿನಲ್ಲಿ ಔಷಧಿ ಇದೆಯೆಂದು ಬರೆದಿತ್ತು, ಇನ್ನೂ ನಾಲ್ಕು ಸಲ ತೊಳೆದೆ, ಅಕ್ಕನಿಂದಲೇ ಮಾನ ಉಳಿಯಿತು ಎಂದಳು. ಚಪ್ಪಾಳೆ ಈ ಕಡೆ ತಿರುಗಿತು.

ಬರೆದಿದ್ದಳು, ನಿಜ. ಹತ್ತೊಂಬತ್ತು ವರ್ಷದ ಅಭ್ಯಾಸ. ಮನಸ್ಸು ಕುಣಿಯುತ್ತಿದ್ದಾಗಲೇ ಕೈ ತನ್ನ ಪಾಡಿಗೆ ಯಂತ್ರ ತೋರಿಸಿದ್ದನ್ನು ಬರೆದು ಸಹಿ ಹಾಕಿತ್ತು.

ಎಲ್ಲರೂ ಹೋದ ಮೇಲೆ ಚಿಕ್ಕವಳು ಸಿಂಕಿನಲ್ಲಿ ನಳಿಕೆಗಳನ್ನು ತೊಳೆಯುತ್ತಿದ್ದಳು. ದೊಡ್ಡವಳು ಹತ್ತಿರ ಹೋಗಿ, “ನಿನ್ನೆ ಸರಿಯಾಗಿದೆ ಅಂದಿದ್ದೆನಲ್ಲ ನಾನು,” ಎಂದಳು.

“ಗೊತ್ತು ಅಕ್ಕ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಬನ್ನಿ, ಊಟಕ್ಕೆ ಹೊತ್ತಾಯ್ತು.”

ಬೈದಿದ್ದರೆ ದೊಡ್ಡವಳು ತಿರುಗಿಸಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಪುಡಿಯ ಮಾತು ಹಾಳಾಗಿ ಹೋಗಲಿ, ಒಳ್ಳೆಯತನದಲ್ಲೂ ಇವಳೇ ಮುಂದೆ ಹೋದಳಲ್ಲ! ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು. ಅವಳ ಪಕ್ಕದಲ್ಲೇ ಕೂತು ಡಬ್ಬಿ ಬಿಚ್ಚಿದಳು.